ಎರಡನೇ ರೆಂಡರ್‌ಗೂ ಬೇಕು ಒಂದು ಟೆಸ್ಟ್

ಅಡಿಕೆ ಧಾರಣೆ ತೋರಿಸುವ ಒಂದು ವೆಬ್ ಪುಟವನ್ನು ಊಹಿಸಿಕೊಳ್ಳಿ. ಮೇಲ್ಗಡೆ ಮಾರುಕಟ್ಟೆ ಆರಿಸುವ ಪಟ್ಟಿ: ಶಿರಸಿ, ಸಾಗರ, ಶಿವಮೊಗ್ಗ. ಕೆಳಗೆ, ಆರಿಸಿದ ಮಾರುಕಟ್ಟೆಯ ರಾಶಿ, ಬೆಟ್ಟೆ ದರಗಳ ಕೋಷ್ಟಕ. ಬೆಳೆಗಾರರೊಬ್ಬರು ಶಿರಸಿ ಆರಿಸಿದರು, ದರ ಬಂತು. ಆಮೇಲೆ ಶಿವಮೊಗ್ಗ ಆರಿಸಿದರು. ತಲೆಬರಹ ‘ಶಿವಮೊಗ್ಗ’ ಎಂದಾಯಿತು, ಕೋಷ್ಟಕದಲ್ಲಿ ಮಾತ್ರ ಶಿರಸಿಯ ದರವೇ ಉಳಿಯಿತು. ಎರರ್ ಇಲ್ಲ, ಕನ್ಸೋಲ್ ಖಾಲಿ. ಪುಟವೇ ಬಿದ್ದುಹೋಗಿದ್ದರೆ ಅವರು ಫೋನ್ ಮಾಡಿ ವಿಚಾರಿಸುತ್ತಿದ್ದರು. ಈಗ ತಪ್ಪು ದರವನ್ನೇ ನಂಬಿ ಮಾಲು ಕಳಿಸುತ್ತಾರೆ.

ಇಂಥ ಕಾಂಪೊನೆಂಟ್‌ಗೂ ಸಾಮಾನ್ಯವಾಗಿ ಟೆಸ್ಟ್ ಇದ್ದೇ ಇರುತ್ತದೆ. ‘ಶಿರಸಿ’ ಎಂಬ ಪ್ರಾಪ್ ಕೊಟ್ಟು ರೆಂಡರ್ ಮಾಡುವುದು, ಶಿರಸಿಯ ದರ ಕಂಡಿತೇ ಎಂದು ನೋಡುವುದು. ಇನ್ನೊಂದು ಟೆಸ್ಟ್‌ನಲ್ಲಿ ‘ಶಿವಮೊಗ್ಗ’ ಕೊಟ್ಟು ಹೊಸದಾಗಿ ರೆಂಡರ್ ಮಾಡಿ ಅದನ್ನೇ ನೋಡುವುದು. ಎರಡೂ ಪಾಸ್. ಆದರೆ ಎರಡರಲ್ಲೂ ಪರೀಕ್ಷೆಗೆ ಒಳಗಾದದ್ದು ಕಾಂಪೊನೆಂಟ್ ಹುಟ್ಟುವ ಗಳಿಗೆ ಮಾತ್ರ. ಬಳಕೆದಾರರ ಮುಂದೆ ಅದೇ ಕಾಂಪೊನೆಂಟ್ ಬದುಕಿರುವಾಗಲೇ ಅದರ ಪ್ರಾಪ್ಸ್ ಹತ್ತಾರು ಸಲ ಬದಲಾಗುತ್ತವೆ. ಫ್ರಂಟ್‌ಎಂಡ್‌ನ ಹಠಮಾರಿ ಬಗ್‌ಗಳು ಕೂತಿರುವುದು ಈ ಬದಲಾವಣೆಯ ಗಳಿಗೆಯಲ್ಲೇ. ಆದ್ದರಿಂದ ಟೆಸ್ಟ್ ಕೂಡ ಅಲ್ಲಿಗೇ ಹೋಗಬೇಕು.

ಹಳೆಯ ಬೆಲೆ ಉಳಿದುಕೊಳ್ಳುವುದು ಹೇಗೆ

ರಿಯಾಕ್ಟ್‌ನಿಂದಲೇ ಶುರು ಮಾಡೋಣ. ಪೇರೆಂಟ್ ಹೊಸ ಪ್ರಾಪ್ಸ್ ಕೊಟ್ಟಾಗ ಕಾಂಪೊನೆಂಟ್ ಫಂಕ್ಷನ್ ಮತ್ತೆ ಓಡುತ್ತದೆ, ಆದರೆ ಅದರ ಸ್ಟೇಟ್ ಹಾಗೇ ಇರುತ್ತದೆ. ಯೂಸ್‌ಸ್ಟೇಟ್‌ಗೆ ಕೊಟ್ಟ ಆರಂಭದ ಬೆಲೆ ಲೆಕ್ಕಕ್ಕೆ ಬರುವುದು ಮೊದಲ ರೆಂಡರ್‌ನಲ್ಲಷ್ಟೇ. ಯಾರಾದರೂ ಪ್ರಾಪ್‌ನಲ್ಲಿ ಬಂದ ದರಪಟ್ಟಿಯನ್ನು ಯೂಸ್‌ಸ್ಟೇಟ್‌ಗೆ ಹಾಕಿ, ಆ ಪ್ರತಿಯನ್ನೇ ಪರದೆಗೆ ತಂದಿದ್ದರೆ, ಎರಡನೇ ಸಲ ಬಂದ ಪಟ್ಟಿಯನ್ನು ಕಾಂಪೊನೆಂಟ್ ಕಣ್ಣೆತ್ತಿಯೂ ನೋಡುವುದಿಲ್ಲ. ಎರಡನೆಯ ಮೂಲ ಯೂಸ್‌ಎಫೆಕ್ಟ್. ಮಾರುಕಟ್ಟೆಯ ಹೆಸರು ಹಿಡಿದು ಸರ್ವರ್‌ಗೆ ಹೋಗುವ ಎಫೆಕ್ಟ್‌ನ ಡಿಪೆಂಡೆನ್ಸಿ ಪಟ್ಟಿಯಲ್ಲಿ ಆ ಹೆಸರೇ ಇಲ್ಲದಿದ್ದರೆ ಅದು ಒಮ್ಮೆ ಓಡಿ ಸುಮ್ಮನಾಗುತ್ತದೆ. ಮೂರನೆಯದು ಇವೆರಡಕ್ಕಿಂತ ಸೂಕ್ಷ್ಮ: ಎಫೆಕ್ಟ್ ಸರಿಯಾಗಿಯೇ ಮತ್ತೆ ಓಡಿದೆ, ಆದರೆ ಹಳೆಯ ಮನವಿಯ ಉತ್ತರ ತಡವಾಗಿ ಬಂದು ಹೊಸದರ ಮೇಲೆ ಕೂರುತ್ತದೆ. ಅದಕ್ಕೆ ಆಮೇಲೆ ಬರೋಣ.

ಪ್ರಾಪ್ಸ್ ನಕಲು ಮಾಡುವ ಚಾಳಿ ಇಂದಿನದಲ್ಲ. ಕ್ಲಾಸ್ ಕಾಂಪೊನೆಂಟ್‌ಗಳ ಕಾಲದಲ್ಲಿ ಇದೇ ಕೆಲಸಕ್ಕೆ ಕಾಂಪೊನೆಂಟ್‌ವಿಲ್‌ರಿಸೀವ್‌ಪ್ರಾಪ್ಸ್ ಎಂಬ ಮೆಥಡ್ ಇತ್ತು. ಪ್ರಾಪ್ಸ್ ನಿಜಕ್ಕೂ ಬದಲಾಗದಿದ್ದರೂ ಪೇರೆಂಟ್ ರೆಂಡರ್ ಆದಾಗೆಲ್ಲ ಅದು ಓಡುತ್ತಿತ್ತು. ಬಳಕೆದಾರರು ಅರ್ಧ ಟೈಪ್ ಮಾಡಿದ್ದು ಅಳಿಸಿಹೋಗುತ್ತಿದ್ದುದು ಹೀಗೆ. 2018ರ ಮಾರ್ಚ್‌ನಲ್ಲಿ ಬಂದ 16.3 ಆವೃತ್ತಿ ಆ ಮೆಥಡ್‌ಗೆ ‘ಅನ್‌ಸೇಫ್’ ಎಂಬ ಮುಂಚೀಟಿ ಅಂಟಿಸಿತು. ಅದೇ ವರ್ಷ ಜೂನ್‌ನಲ್ಲಿ ರಿಯಾಕ್ಟ್ ತಂಡ, ಪ್ರಾಪ್ಸ್‌ನಿಂದ ಸ್ಟೇಟ್ ಹುಟ್ಟಿಸುವ ಅಗತ್ಯ ಬಹುಪಾಲು ಇರುವುದೇ ಇಲ್ಲ ಎಂದು ವಿವರವಾಗಿಯೇ ಬರೆಯಿತು. 2019ರಲ್ಲಿ 16.8ರೊಂದಿಗೆ ಹುಕ್ಸ್ ಬಂದ ಮೇಲೆ ಚಾಳಿ ವೇಷ ಬದಲಿಸಿತು: ಪ್ರಾಪ್ ಬದಲಾದಾಗ ಎಫೆಕ್ಟ್‌ನೊಳಗೆ ಸೆಟ್‌ಸ್ಟೇಟ್ ಕರೆಯುವುದು. ಇದು ಕೊನೆಗೆ ಸರಿಯಾದ ಬೆಲೆಗೆ ಬಂದು ನಿಂತರೂ ನಡುವೆ ಒಂದು ರೆಂಡರ್ ಹಳೆಯ ಬೆಲೆಯೊಂದಿಗೇ ಆಗಿಹೋಗಿರುತ್ತದೆ.

ರೀರೆಂಡರ್ ಮಾಡುವ ಬಗೆ

ಕೆಂಟ್ ಸಿ. ಡಾಡ್ಸ್ 2018ರಲ್ಲಿ ಶುರು ಮಾಡಿದ ರಿಯಾಕ್ಟ್ ಟೆಸ್ಟಿಂಗ್ ಲೈಬ್ರರಿಯಲ್ಲಿ ಇದಕ್ಕೆ ಬೇಕಾದ ಉಪಕರಣ ಸಿದ್ಧವಾಗಿದೆ. ರೆಂಡರ್ ಫಂಕ್ಷನ್ ಕರೆದಾಗ ಅದು ರೀರೆಂಡರ್ ಎಂಬ ಇನ್ನೊಂದು ಫಂಕ್ಷನನ್ನು ಕೈಗೆ ಕೊಡುತ್ತದೆ. ಮೊದಲು ‘ಶಿರಸಿ’ ಕೊಟ್ಟು ರೆಂಡರ್ ಮಾಡಿ, ಶಿರಸಿಯ ದರ ಬಂದದ್ದನ್ನು ಖಚಿತಪಡಿಸಿಕೊಳ್ಳಿ. ಆಮೇಲೆ ಅದೇ ಕಾಂಪೊನೆಂಟನ್ನು ‘ಶಿವಮೊಗ್ಗ’ದೊಂದಿಗೆ ರೀರೆಂಡರ್‌ಗೆ ಕೊಡಿ. ಹೊಸ ದರ ಕಾಣುವವರೆಗೆ ಕಾದು, ಹಳೆಯ ದರ ಎಲ್ಲೂ ಇಲ್ಲವೆಂದು ನೋಡಿ. ನಡುವಿನ ಮೊದಲ ಪರಿಶೀಲನೆಯನ್ನು ಬಿಡಬೇಡಿ. ಶಿರಸಿಯ ದರ ಬಂದೇ ಇರಲಿಲ್ಲವಾದರೆ ‘ಹಳೆಯ ದರ ಇಲ್ಲ’ ಎಂಬ ಮಾತಿಗೆ ಬೆಲೆಯೇ ಇಲ್ಲ.

ಟೆಸ್ಟ್‌ನ ಹೆಸರು ಬರಿಯ ಸ್ಟ್ರಿಂಗ್. ಜೆಸ್ಟ್ ಆಗಲಿ ವಿಟೆಸ್ಟ್ ಆಗಲಿ, ‘ಮಾರುಕಟ್ಟೆ ಬದಲಾದಾಗ ಹಿಂದಿನ ದರ ಉಳಿಯಬಾರದು’ ಎಂದು ಕನ್ನಡದಲ್ಲಿ ಬರೆದರೂ ಓಡಿಸುತ್ತವೆ. ತಂಡದವರೆಲ್ಲ ಕನ್ನಡ ಓದಬಲ್ಲವರಾದರೆ ಹಾಗೆ ಬರೆಯುವುದರಲ್ಲಿ ಏನೂ ಅಡ್ಡಿಯಿಲ್ಲ. ಟೆಸ್ಟ್ ಬಿದ್ದಾಗ ಏನು ಕೆಟ್ಟಿದೆ ಎಂದು ತಕ್ಷಣ ಹೊಳೆಯುತ್ತದೆ.

ರೀರೆಂಡರ್ ಮಾಡುವುದು ಇಷ್ಟು ಸರಳವಾದರೂ ಎಡವುವ ಜಾಗಗಳು ಹಲವು. ರೀರೆಂಡರ್ ಬದಲು ರೆಂಡರನ್ನೇ ಎರಡನೇ ಸಲ ಕರೆಯುವುದು ಅತ್ಯಂತ ಸಾಮಾನ್ಯ. ಆಗ ಮೊದಲಿನದು ಬದಲಾಗುವುದಿಲ್ಲ, ಅದರ ಪಕ್ಕದಲ್ಲೇ ಎರಡನೆಯ ಪ್ರತಿಯೊಂದು ಹುಟ್ಟುತ್ತದೆ. ಎರಡರಲ್ಲೂ ಇರುವ ಪಠ್ಯವನ್ನು ಹುಡುಕಿದರೆ ‘ಒಂದಕ್ಕಿಂತ ಹೆಚ್ಚು ಸಿಕ್ಕಿವೆ’ ಎಂದು ಲೈಬ್ರರಿ ದೂರುತ್ತದೆ. ಹೊಸದರಲ್ಲಿ ಮಾತ್ರ ಇರುವುದನ್ನು ಹುಡುಕಿದರೆ ದೂರದೆ ಪಾಸ್ ಮಾಡುತ್ತದೆ, ಬದಲಾವಣೆ ಮಾತ್ರ ಪರೀಕ್ಷೆಯಾಗಿರುವುದಿಲ್ಲ.

ಇನ್ನೊಂದು ಎಡವು ಇದಕ್ಕಿಂತ ಮೋಸದ್ದು. ಮೊದಲ ರೆಂಡರ್‌ನಲ್ಲಿ ಕಾಂಪೊನೆಂಟನ್ನು ಥೀಮ್ ಪ್ರೊವೈಡರ್ ಒಂದರೊಳಗೆ ಸುತ್ತಿ ಕೊಟ್ಟಿರುತ್ತೀರಿ. ರೀರೆಂಡರ್‌ನಲ್ಲಿ ಆ ಸುತ್ತು ಮರೆತುಹೋಗುತ್ತದೆ. ಮೇಲ್ತುದಿಯ ಎಲಿಮೆಂಟ್‌ನ ಬಗೆಯೇ ಬೇರೆಯಾದ್ದರಿಂದ ರಿಯಾಕ್ಟ್ ಹಳೆಯ ಮರವನ್ನು ಪೂರ್ತಿ ಅನ್‌ಮೌಂಟ್ ಮಾಡಿ ಹೊಸದನ್ನು ಕಟ್ಟುತ್ತದೆ. ಹಳೆಯ ಸ್ಟೇಟ್ ಅದರೊಂದಿಗೇ ಹೋಗುತ್ತದೆ, ಬಗ್ ಇದ್ದರೂ ಟೆಸ್ಟ್ ಹಸಿರಾಗುತ್ತದೆ. ಪ್ರೊವೈಡರನ್ನು ಕೈಯಾರೆ ಸುತ್ತುವ ಬದಲು ರೆಂಡರ್‌ನ ವ್ರ್ಯಾಪರ್ ಆಯ್ಕೆಗೆ ಕೊಟ್ಟರೆ ರೀರೆಂಡರ್ ಕೂಡ ಅದನ್ನೇ ತಾನಾಗಿ ಬಳಸುತ್ತದೆ. ನನ್ನ ಮಟ್ಟಿಗೆ ಇದು ಐಚ್ಛಿಕವಲ್ಲ, ನಿಯಮ.

ಮೂರನೆಯದು, ಬದಲಾಯಿಸಿದೆ ಎಂದುಕೊಂಡದ್ದು ನಿಜಕ್ಕೂ ಬದಲಾಗದಿರುವುದು. ಟೆಸ್ಟ್‌ನಲ್ಲಿ ಒಂದು ಅರೇ ಇಟ್ಟುಕೊಂಡು, ಅದಕ್ಕೆ ಪುಶ್ ಮಾಡಿ, ಅದೇ ಅರೇಯನ್ನು ಮತ್ತೆ ಕೊಟ್ಟರೆ ಮೆಮೊ ಮಾಡಿದ ಕಾಂಪೊನೆಂಟ್ ಅಲುಗುವುದಿಲ್ಲ. ಅದು ಪ್ರತಿ ಪ್ರಾಪ್‌ನ ಹಿಂದಿನ ಬೆಲೆಯನ್ನೂ ಈಗಿನದನ್ನೂ ಆಬ್ಜೆಕ್ಟ್.ಈಸ್ ಮೂಲಕ ಹೋಲಿಸುತ್ತದೆ. ಒಳಗಿನ ಸಾಲುಗಳನ್ನು ಎಣಿಸುತ್ತ ಕೂರುವುದಿಲ್ಲ. ತಪ್ಪು ಕಾಂಪೊನೆಂಟ್‌ನದಲ್ಲ, ಟೆಸ್ಟ್‌ನದು. ಇದರ ತಿರುಗುಮುರುಗನ್ನೂ ಪರೀಕ್ಷಿಸಬೇಕು: ಒಳಗಿನ ವಿಷಯ ಅದೇ ಇದ್ದು ಆಬ್ಜೆಕ್ಟ್ ಮಾತ್ರ ಹೊಸದಾಗಿದ್ದರೆ ಏನಾಗುತ್ತದೆ? ಫಿಲ್ಟರ್‌ಗಳನ್ನು ಆಬ್ಜೆಕ್ಟ್ ರೂಪದಲ್ಲಿ ಪಡೆಯುವ ಕಾಂಪೊನೆಂಟ್, ಪೇರೆಂಟ್ ರೆಂಡರ್ ಆದಾಗೆಲ್ಲ ಸರ್ವರ್‌ಗೆ ಓಡುತ್ತಿರಬಹುದು. ಅದೇ ವಿಷಯದ ಹೊಸ ಆಬ್ಜೆಕ್ಟ್ ಕೊಟ್ಟು ರೀರೆಂಡರ್ ಮಾಡಿ, ಮಾಕ್ ಮಾಡಿದ ಫೆಚ್ ಫಂಕ್ಷನ್ ಒಂದೇ ಸಲ ಕರೆಯಲ್ಪಟ್ಟಿದೆಯೇ ಎಂದು ಎಣಿಸಿದರೆ ಸಾಕು, ಬಯಲಾಗುತ್ತದೆ.

ಟೆಸ್ಟ್‌ಗೆ ಕಾಣದ ಒಂದು ಸಂಗತಿಯೂ ಇದೆ. ರೀರೆಂಡರ್ ತನ್ನ ಕೆಲಸವನ್ನು ಆ್ಯಕ್ಟ್ ಎಂಬ ಫಂಕ್ಷನ್ ಒಳಗೆ ಮಾಡುವುದರಿಂದ, ಅದು ಮುಗಿಯುವ ಹೊತ್ತಿಗೆ ಎಫೆಕ್ಟ್‌ಗಳೂ ಅವು ಎಬ್ಬಿಸಿದ ರೆಂಡರ್‌ಗಳೂ ಮುಗಿದಿರುತ್ತವೆ. ಮೇಲೆ ಹೇಳಿದ, ಹಳೆಯ ಬೆಲೆ ಒಂದು ಕ್ಷಣ ಮಿಂಚಿ ಹೋಗುವ ದೋಷ ಇದರಿಂದಾಗಿ ಸಾಮಾನ್ಯ ಟೆಸ್ಟ್‌ನ ಕಣ್ಣಿಗೆ ಬೀಳುವುದಿಲ್ಲ. ಅದಕ್ಕೆ ಮದ್ದು ಕೋಡಿನಲ್ಲೇ ಇದೆ: ಪ್ರಾಪ್ಸ್‌ನಿಂದ ಲೆಕ್ಕ ಹಾಕಬಹುದಾದದ್ದನ್ನು ಸ್ಟೇಟ್‌ನಲ್ಲಿಡದೆ ರೆಂಡರ್ ಆಗುವಾಗಲೇ ಲೆಕ್ಕ ಹಾಕುವುದು.

ಉಳಿಯಬೇಕಾದದ್ದು ಉಳಿಯಿತೇ

ಪ್ರಾಪ್ ಬದಲಾದಾಗ ಏನು ಬದಲಾಗಬೇಕು ಎಂದು ಎಲ್ಲರೂ ಕೇಳುತ್ತಾರೆ. ಏನು ಬದಲಾಗಬಾರದು ಎಂದು ಕೇಳುವವರು ಕಡಿಮೆ. ಧಾರಣೆ ಪುಟದಲ್ಲಿ ಅಡಿಕೆಯ ಬಗೆ ಹುಡುಕುವ ಪೆಟ್ಟಿಗೆಯಿದೆ, ಬೆಳೆಗಾರರು ‘ಬೆಟ್ಟೆ’ ಎಂದು ಟೈಪ್ ಮಾಡುತ್ತಿದ್ದಾರೆ. ಅಷ್ಟರಲ್ಲಿ ಹೊಸ ದರ ಬಂದು ಪೇರೆಂಟ್ ಮತ್ತೆ ರೆಂಡರ್ ಆಯಿತು. ಟೈಪ್ ಮಾಡಿದ್ದು ಉಳಿಯಬೇಕು, ಕರ್ಸರ್ ಪೆಟ್ಟಿಗೆಯಲ್ಲೇ ಇರಬೇಕು. ಟೆಸ್ಟ್ ಬರೆಯುವುದು ಕಷ್ಟವಲ್ಲ: ಯೂಸರ್‌ಇವೆಂಟ್‌ನಿಂದ ಟೈಪ್ ಮಾಡಿಸಿ, ಬೇರೊಂದು ಪ್ರಾಪ್ ಬದಲಿಸಿ ರೀರೆಂಡರ್ ಮಾಡಿ, ಪೆಟ್ಟಿಗೆಯಲ್ಲಿ ಅದೇ ಪಠ್ಯವಿದೆಯೇ, ಫೋಕಸ್ ಅಲ್ಲೇ ಇದೆಯೇ ನೋಡಿ. ಅಂಗವಿಕಲರಿಗೆ, ವಿಶೇಷವಾಗಿ ಸ್ಕ್ರೀನ್ ರೀಡರ್ ನೆಚ್ಚಿಕೊಂಡವರಿಗೆ, ಫೋಕಸ್ ಕಳೆದುಹೋಗುವುದೆಂದರೆ ಪುಟದಲ್ಲಿ ತಾವೆಲ್ಲಿದ್ದೇವೆ ಎಂಬುದೇ ಕಳೆದುಹೋದಂತೆ. ಈ ಟೆಸ್ಟ್ ಅವರಿಗೆ ನಾವು ಸಲ್ಲಿಸಬೇಕಾದ ಕನಿಷ್ಠ ಕರ್ತವ್ಯ.

ಕೀ ಬಗ್ಗೆ ಇಲ್ಲೇ ಹೇಳಿಬಿಡುತ್ತೇನೆ. ಮಾರುಕಟ್ಟೆ ಬದಲಾದರೆ ಒಳಗಿನ ಸ್ಟೇಟ್ ಎಲ್ಲವೂ ಹೊಸದಾಗಬೇಕೆಂದಿದ್ದರೆ, ಪೇರೆಂಟ್‌ನಲ್ಲಿ ಮಾರುಕಟ್ಟೆಯ ಹೆಸರನ್ನೇ ಕೀ ಆಗಿ ಕೊಡುವುದು ರಿಯಾಕ್ಟ್ ತಂಡವೇ ಸೂಚಿಸುವ ದಾರಿ. ಆದರೆ ಹಾಗೆ ಮಾಡಿದ ಮೇಲೆ ಸ್ಟೇಟ್ ಹೊಸದಾಗಿಸುವ ಜವಾಬ್ದಾರಿ ಮಗು ಕಾಂಪೊನೆಂಟ್‌ನದಲ್ಲ, ಪೇರೆಂಟ್‌ನದು. ಮಗುವನ್ನಷ್ಟೇ ರೀರೆಂಡರ್ ಮಾಡಿದರೆ ಹಳೆಯ ಬೆಲೆ ಕಂಡು ಗಾಬರಿಯಾಗುತ್ತೀರಿ. ಟೆಸ್ಟ್‌ನಲ್ಲಿ ಕೀ ಸೇರಿಸಿಕೊಂಡರೆ ಪೇರೆಂಟ್ ಅದನ್ನು ನಿಜಕ್ಕೂ ಕೊಡುತ್ತಿದೆಯೇ ಎಂಬುದು ತಿಳಿಯುವುದಿಲ್ಲ. ಕೀ ಎಲ್ಲಿದೆಯೋ ಟೆಸ್ಟ್ ಅಲ್ಲಿರಲಿ.

ತಡವಾಗಿ ಬಂದ ಉತ್ತರ

ಇನ್ನು, ಹಳೆಯ ಬೆಲೆ ಉಳಿದುಕೊಳ್ಳಲು ಮೊದಲೇ ಹೇಳಿದ ಮೂರನೆಯ ಮೂಲ. ಶಿರಸಿ ಆರಿಸಿದಾಗ ಒಂದು ಮನವಿ ಹೊರಟಿತು. ಉತ್ತರ ಬರುವ ಮೊದಲೇ ಶಿವಮೊಗ್ಗ ಆರಿಸಿದರು, ಇನ್ನೊಂದು ಹೊರಟಿತು. ಮೊದಲು ಹೊರಟದ್ದೇ ಮೊದಲು ಹಿಂತಿರುಗಬೇಕೆಂಬ ನಿಯಮ ನೆಟ್‌ವರ್ಕ್‌ಗಿಲ್ಲ. ಶಿವಮೊಗ್ಗದ ಉತ್ತರ ಬಂದು ಕೂತ ಮೇಲೆ ಶಿರಸಿಯದು ಬಂದು ಅದನ್ನು ಅಳಿಸುತ್ತದೆ. ಡೆವಲಪರ್‌ನ ಮೇಜಿನ ಮೇಲೆ, ವೇಗದ ಸಂಪರ್ಕದಲ್ಲಿ ಇದು ಕಾಣುವುದು ಅಪರೂಪ. ಸಿಗ್ನಲ್ ಬಂದು ಹೋಗುವ ಮಲೆನಾಡಿನ ತೋಟದಲ್ಲಿ ನಿಂತು ಫೋನ್ ನೋಡುವವರಿಗೆ ಕಾಣುತ್ತದೆ. ಯೂನಿಟ್ ಟೆಸ್ಟ್‌ನ ನಿಜವಾದ ಶಕ್ತಿ ಇಲ್ಲಿದೆ: ಕೈಯಿಂದ ಹಿಡಿಯಲಾಗದ ಕಾಲವ್ಯತ್ಯಾಸವನ್ನು ಅದು ಬೇಕೆಂದಾಗ ಕೂರಿಸಬಲ್ಲದು.

ಮಾಕ್ ಫಂಕ್ಷನ್ ಪ್ರತಿ ಮಾರುಕಟ್ಟೆಗೂ ಒಂದೊಂದು ಪ್ರಾಮಿಸ್ ಕೊಡಲಿ, ಆದರೆ ಅವುಗಳನ್ನು ರಿಸಾಲ್ವ್ ಮಾಡುವ ಹಿಡಿತ ಟೆಸ್ಟ್‌ನ ಕೈಯಲ್ಲಿರಲಿ. ಪ್ರಾಮಿಸ್ ಕಟ್ಟುವಾಗ ಸಿಗುವ ರಿಸಾಲ್ವ್ ಫಂಕ್ಷನನ್ನು ಹೊರಗಿನ ವೇರಿಯಬಲ್‌ನಲ್ಲಿ ಇಟ್ಟುಕೊಂಡರೆ ಅಷ್ಟೇ ಸಾಕು. ಶಿರಸಿ ಕೊಟ್ಟು ರೆಂಡರ್ ಮಾಡಿ. ಉತ್ತರಕ್ಕೆ ಕಾಯದೆ ಶಿವಮೊಗ್ಗ ಕೊಟ್ಟು ರೀರೆಂಡರ್ ಮಾಡಿ. ಈಗ ಶಿವಮೊಗ್ಗದ ಪ್ರಾಮಿಸನ್ನು ರಿಸಾಲ್ವ್ ಮಾಡಿ, ದರ ಕಾಣುವವರೆಗೆ ಕಾಯಿರಿ. ಕೊನೆಗೆ ಶಿರಸಿಯದನ್ನು ರಿಸಾಲ್ವ್ ಮಾಡಿ, ಶಿವಮೊಗ್ಗದ ದರವೇ ನಿಂತಿದೆಯೇ ನೋಡಿ.

ಆ ಕೊನೆಯ ಹೆಜ್ಜೆಯಲ್ಲಿ ಅವಸರ ಮಾಡಬಾರದು. ರಿಸಾಲ್ವ್ ಎಂದ ಮರುಕ್ಷಣವೇ ಪರದೆ ನೋಡಿದರೆ ಪ್ರಾಮಿಸ್‌ನ ಮುಂದಿನ ಕೆಲಸ ಇನ್ನೂ ಓಡಿರುವುದಿಲ್ಲ, ಹಾಗಾಗಿ ಬಗ್ ಇರುವ ಕೋಡ್ ಕೂಡ ಪಾಸಾಗುತ್ತದೆ. ರಿಸಾಲ್ವ್ ಮಾಡುವುದನ್ನು ಅಸಿಂಕ್ ಆ್ಯಕ್ಟ್ ಒಳಗಿಟ್ಟು ಅವೇಟ್ ಮಾಡಿ, ಅದು ಮುಗಿದ ಮೇಲೆ ಪರಿಶೀಲಿಸಿ. ‘ಇದು ಆಗಬಾರದು’ ಎಂದು ಹೇಳುವ ಪ್ರತಿ ಟೆಸ್ಟ್‌ನಲ್ಲೂ ಈ ಎಚ್ಚರ ಬೇಕು: ಆಗುವುದಕ್ಕೆ ಪೂರ್ತಿ ಅವಕಾಶ ಕೊಟ್ಟ ನಂತರವೇ ಆಗಲಿಲ್ಲ ಎನ್ನಬೇಕು.

ಕೋಡ್ ಸರಿಪಡಿಸಲು ಎರಡು ದಾರಿಗಳಿವೆ. ಎಫೆಕ್ಟ್‌ನೊಳಗೆ ಒಂದು ಬಾವುಟವಿಟ್ಟು, ಕ್ಲೀನಪ್‌ನಲ್ಲಿ ಅದನ್ನು ತಿರುಗಿಸಿ, ಹಳೆಯ ಉತ್ತರ ಬಂದರೆ ಕೈಬಿಡುವುದು ಒಂದು. ಅಬಾರ್ಟ್‌ಕಂಟ್ರೋಲರ್‌ನಿಂದ ಮನವಿಯನ್ನೇ ರದ್ದು ಮಾಡುವುದು ಇನ್ನೊಂದು. ಎರಡನೆಯದನ್ನು ಆರಿಸಿಕೊಂಡರೆ ನಿಮ್ಮ ಮಾಕ್ ಕೂಡ ರದ್ದತಿಯ ಸಿಗ್ನಲ್‌ಗೆ ಕಿವಿಗೊಡುವಂತಿರಬೇಕು. ಇಲ್ಲವಾದರೆ ಸರಿಯಾದ ಕೋಡ್ ಬರೆದರೂ ಟೆಸ್ಟ್ ಕೆಂಪಾಗುತ್ತದೆ.

ಕ್ಲೀನಪ್ ಎಂದಾಗ ನೆನಪಾಗುವ ಇನ್ನೊಂದು: ಸಬ್‌ಸ್ಕ್ರಿಪ್ಷನ್ ಮತ್ತು ಟೈಮರ್‌ಗಳು. ಶಿರಸಿಯ ನೇರ ದರಕ್ಕೆ ಚಂದಾ ಹಾಕಿದ ಕಾಂಪೊನೆಂಟ್, ಪ್ರಾಪ್ ಬದಲಾದಾಗ ಅದನ್ನು ಕಡಿದು ಶಿವಮೊಗ್ಗಕ್ಕೆ ಹಾಕಿಕೊಳ್ಳಬೇಕು. ಅನ್‌ಸಬ್‌ಸ್ಕ್ರೈಬ್ ಮಾಕ್ ಕರೆಯಲ್ಪಟ್ಟಿತೇ ನೋಡಿ. ಅನ್‌ಮೌಂಟ್ ಆದ ಮೇಲೂ ಒಮ್ಮೆ ನೋಡಿ. ಈ ತರ್ಕವೆಲ್ಲ ಒಂದು ಹುಕ್‌ನೊಳಗೆ ಇದ್ದರೆ ರೆಂಡರ್‌ಹುಕ್ ಬಳಸಬಹುದು. ಅದಕ್ಕೂ ರೀರೆಂಡರ್ ಇದೆ.

ಆಂಗ್ಯುಲರ್, ವ್ಯೂ ಬಳಸುವವರಿಗೆ

ಆಂಗ್ಯುಲರ್‌ನ ಕಥೆ ಬೇರೆ. ಇನ್‌ಪುಟ್ ಬದಲಾದಾಗ ಫ್ರೇಮ್‌ವರ್ಕ್ ಎನ್‌ಜಿಆನ್‌ಚೇಂಜಸ್ ಎಂಬ ಮೆಥಡನ್ನು ಕರೆದು, ಹಿಂದಿನ ಬೆಲೆ, ಈಗಿನ ಬೆಲೆ, ಇದು ಮೊದಲ ಬದಲಾವಣೆಯೇ ಎಂಬುದನ್ನೆಲ್ಲ ಅದರ ಕೈಗಿಡುತ್ತದೆ. ಆದರೆ ಟೆಸ್ಟ್‌ನಲ್ಲಿ ಕಾಂಪೊನೆಂಟ್ ಇನ್‌ಸ್ಟನ್ಸ್ ಹಿಡಿದು ಅದರ ಪ್ರಾಪರ್ಟಿಗೆ ನೇರವಾಗಿ ಹೊಸ ಬೆಲೆ ಹಾಕಿದರೆ ಆ ಮೆಥಡ್ ಓಡುವುದಿಲ್ಲ. ಅದು ಓಡುವುದು ಬೆಲೆ ಟೆಂಪ್ಲೇಟ್‌ನ ಬೈಂಡಿಂಗ್ ಮೂಲಕ ಬಂದಾಗ. ಇದನ್ನು ದಾಟಲು ಹಲವರು ಎನ್‌ಜಿಆನ್‌ಚೇಂಜಸನ್ನು ತಾವೇ ಕರೆದು, ಸಿಂಪಲ್‌ಚೇಂಜ್ ಆಬ್ಜೆಕ್ಟನ್ನು ಕೈಯಾರೆ ಕಟ್ಟಿ ಕೊಡುತ್ತಾರೆ. ನಾನು ಇದನ್ನು ಒಪ್ಪುವುದಿಲ್ಲ. ಇನ್‌ಪುಟ್‌ನ ಹೆಸರು ಬದಲಾಗಿ, ಮೆಥಡ್ ಇನ್ನೂ ಹಳೆಯ ಹೆಸರನ್ನೇ ಹುಡುಕುತ್ತಿದ್ದರೆ? ಟೆಸ್ಟ್ ಕೂಡ ಅದೇ ಹಳೆಯ ಹೆಸರನ್ನು ಕಟ್ಟಿ ಕೊಡುತ್ತಿರುವುದರಿಂದ ಎಲ್ಲವೂ ಹಸಿರಾಗಿ ಕಾಣುತ್ತದೆ, ನಿಜವಾದ ಪುಟದಲ್ಲಿ ಏನೂ ನಡೆಯುವುದಿಲ್ಲ.

ಆಂಗ್ಯುಲರ್ 14.1ರಿಂದ ಕಾಂಪೊನೆಂಟ್‌ರೆಫ್‌ನಲ್ಲಿ ಸೆಟ್‌ಇನ್‌ಪುಟ್ ಇದೆ. ಇನ್‌ಪುಟ್‌ನ ಹೆಸರು, ಹೊಸ ಬೆಲೆ ಕೊಟ್ಟು, ಆಮೇಲೆ ಫಿಕ್ಸ್‌ಚರ್‌ನ ಡಿಟೆಕ್ಟ್‌ಚೇಂಜಸ್ ಕರೆದರೆ ಎನ್‌ಜಿಆನ್‌ಚೇಂಜಸ್ ಕ್ರಮಬದ್ಧವಾಗಿಯೇ ಓಡುತ್ತದೆ. ಆನ್‌ಪುಶ್ ಕಾಂಪೊನೆಂಟ್‌ಗಳಲ್ಲಿ ಬೆಲೆ ಹಾಕಿದರೂ ಪರದೆ ಬದಲಾಗದೆ ಟೆಸ್ಟ್ ಬರೆಯುವವರು ತಲೆ ಕೆಡಿಸಿಕೊಳ್ಳುವ ತೊಂದರೆಗೂ ಇದೇ ಪರಿಹಾರ, ಏಕೆಂದರೆ ಸೆಟ್‌ಇನ್‌ಪುಟ್ ಕಾಂಪೊನೆಂಟನ್ನು ಮರುಪರಿಶೀಲನೆಗೆ ಗುರುತು ಮಾಡಿಡುತ್ತದೆ. 17.1ರಲ್ಲಿ ಬಂದ ಸಿಗ್ನಲ್ ಇನ್‌ಪುಟ್‌ಗಳಿಗಂತೂ ಹೊರಗಿನಿಂದ ನೇರವಾಗಿ ಬೆಲೆ ಹಾಕಲು ಬರುವುದೇ ಇಲ್ಲ. ಹಳೆಯ ಆವೃತ್ತಿಯಲ್ಲಿದ್ದರೆ ಪುಟ್ಟದೊಂದು ಹೋಸ್ಟ್ ಕಾಂಪೊನೆಂಟ್ ಬರೆದು ಅದರ ಟೆಂಪ್ಲೇಟ್‌ನಲ್ಲಿ ನಿಮ್ಮದನ್ನು ಕೂರಿಸಿ. ಸ್ವಲ್ಪ ಹೆಚ್ಚು ಬರವಣಿಗೆ, ಆದರೆ ಅಪ್ಪಟ.

ವ್ಯೂ ಟೆಸ್ಟ್ ಯುಟಿಲ್ಸ್‌ನಲ್ಲಿ ಸೆಟ್‌ಪ್ರಾಪ್ಸ್ ಇದೆ. ನೆನಪಿಡಬೇಕಾದದ್ದು ಅವೇಟ್. ವ್ಯೂ ಬದಲಾವಣೆಗಳನ್ನು ಒಟ್ಟುಗೂಡಿಸಿ ಮುಂದಿನ ಟಿಕ್‌ನಲ್ಲಿ ಡಾಮ್‌ಗೆ ಬರೆಯುವುದರಿಂದ, ಕಾಯದೆ ನೋಡಿದರೆ ಹಳೆಯ ಪರದೆಯೇ ಕಾಣುತ್ತದೆ. ಸ್ಕ್ರಿಪ್ಟ್ ಸೆಟಪ್‌ನಲ್ಲಿ ಪ್ರಾಪ್ಸನ್ನು ಬಿಡಿಸಿ ಬೇರೆ ವೇರಿಯಬಲ್‌ಗಳಿಗೆ ಹಾಕಿಕೊಂಡರೆ 3.5ಕ್ಕಿಂತ ಹಿಂದಿನ ಆವೃತ್ತಿಗಳಲ್ಲಿ ರಿಯಾಕ್ಟಿವಿಟಿ ಕಡಿದುಹೋಗುತ್ತಿತ್ತು. ಒಂದೇ ಒಂದು ಸೆಟ್‌ಪ್ರಾಪ್ಸ್ ಟೆಸ್ಟ್ ಇದನ್ನು ಹಿಡಿಯುತ್ತದೆ, ಮೊದಲ ರೆಂಡರ್‌ನ ಸಾವಿರ ಟೆಸ್ಟ್‌ಗಳು ಹಿಡಿಯುವುದಿಲ್ಲ. ವಾಚ್ ಬಳಸಿದಲ್ಲಿ ಉಲ್ಟಾ ಬಗೆಯ ದೋಷವೂ ಸಾಧ್ಯ: ಇಮೀಡಿಯೇಟ್ ಎಂದು ಹೇಳದಿದ್ದರೆ ಅದು ಬದಲಾವಣೆಗೆ ಮಾತ್ರ ಓಗೊಡುತ್ತದೆ, ಮೊದಲ ಬೆಲೆಗೆ ಸುಮ್ಮನಿರುತ್ತದೆ. ಲಿಟ್‌ನಲ್ಲಿ ಪ್ರಾಪರ್ಟಿ ಬದಲಿಸಿದ ಮೇಲೆ ಅಪ್‌ಡೇಟ್‌ಕಂಪ್ಲೀಟ್ ಪ್ರಾಮಿಸ್‌ಗೆ ಕಾಯಬೇಕು. ತತ್ವ ಅದೇ.

ಎಲ್ಲಿ ಬರೆಯಬೇಕು, ಎಲ್ಲಿ ಬೇಡ

ರೀರೆಂಡರ್‌ನಲ್ಲಿ ಪ್ರಾಪ್ಸನ್ನು ಬದಲಿಸುತ್ತಿರುವುದು ಟೆಸ್ಟ್, ನಿಜವಾದ ಪೇರೆಂಟ್ ಅಲ್ಲ. ಸಾಧ್ಯವಿದ್ದಲ್ಲಿ ಪ್ರಾಪ್ಸ್ ಬದಲಿಸುವ ಕಾಂಪೊನೆಂಟನ್ನೇ ಟೆಸ್ಟ್ ಮಾಡಿ ಎಂದು ರಿಯಾಕ್ಟ್ ಟೆಸ್ಟಿಂಗ್ ಲೈಬ್ರರಿಯ ಕೈಪಿಡಿಯೇ ಹೇಳುತ್ತದೆ. ಧಾರಣೆ ಕೋಷ್ಟಕಕ್ಕೆ ಇರುವುದು ಒಂದೇ ಪೇರೆಂಟ್ ಆದರೆ ಆ ಮಾತು ಸರಿ: ಪುಟವನ್ನೇ ರೆಂಡರ್ ಮಾಡಿ, ಪಟ್ಟಿಯಿಂದ ಶಿವಮೊಗ್ಗ ಆರಿಸಿ, ಕೋಷ್ಟಕ ನೋಡಿ. ಅದೇ ಕೋಷ್ಟಕ ಹತ್ತು ಕಡೆ ಬಳಕೆಯಾಗುತ್ತಿದ್ದರೆ, ಅಥವಾ ಬೇರೆ ತಂಡಗಳಿಗೆ ಕೊಡುವ ಕಾಂಪೊನೆಂಟ್ ಲೈಬ್ರರಿಯಲ್ಲಿ ಇದ್ದರೆ, ಅದರ ಪ್ರಾಪ್ಸೇ ಅದರ ಕರಾರುಪತ್ರ. ಅಲ್ಲಿ ರೀರೆಂಡರ್ ಟೆಸ್ಟ್ ಬೇಕೇ ಬೇಕು. ಬಂದ ಪ್ರಾಪನ್ನು ನೇರವಾಗಿ ಪರದೆಗೆ ಹಾಕುವ, ಸ್ಟೇಟ್ ಆಗಲಿ ಎಫೆಕ್ಟ್ ಆಗಲಿ ಇಲ್ಲದ ಕಾಂಪೊನೆಂಟ್‌ಗೆ ಬೇಡ. ಬರೆದರೆ ನೀವು ಪರೀಕ್ಷಿಸುವುದು ರಿಯಾಕ್ಟನ್ನು.

ಯಾವುದೇ ಕಡೆ ಬರೆದರೂ ಪರದೆಯಲ್ಲಿ ಕಾಣುವುದನ್ನು, ಹೊರಗೆ ಹೋದ ಕರೆಗಳನ್ನು ಮಾತ್ರ ನೋಡಿ. ಏರ್‌ಬಿಎನ್‌ಬಿಯಿಂದ ಬಂದ ಎನ್‌ಜೈಮ್ ಎಂಬ ಟೆಸ್ಟ್ ಲೈಬ್ರರಿಯಲ್ಲಿ ಸೆಟ್‌ಪ್ರಾಪ್ಸ್ ಕರೆದು ಕಾಂಪೊನೆಂಟ್‌ನ ಒಳಗಿನ ಸ್ಟೇಟನ್ನೇ ಓದುವ ಸೌಲಭ್ಯವಿತ್ತು. ರಿಯಾಕ್ಟ್ 17ಕ್ಕೆ ಅದರ ಅಧಿಕೃತ ಅಡಾಪ್ಟರ್ ಬರಲೇ ಇಲ್ಲ. ಒಳಗಿನ ಸ್ಟೇಟ್‌ಗೆ ಅಂಟಿಕೊಂಡ ಟೆಸ್ಟ್‌ಗಳು, ಕ್ಲಾಸ್‌ಗಳು ಹುಕ್ಸ್‌ಗೆ ಬದಲಾದಾಗಲೇ ಒಂದೊಂದಾಗಿ ಬೀಳತೊಡಗಿದ್ದವು.

ಬರೆದ ಟೆಸ್ಟ್ ಕೆಲಸ ಮಾಡುತ್ತದೆಯೇ ಎಂದು ತಿಳಿಯಲು ಕೋಡನ್ನು ಬೇಕೆಂದೇ ಕೆಡಿಸಿ ನೋಡಿ. ಡಿಪೆಂಡೆನ್ಸಿ ಪಟ್ಟಿಯಿಂದ ಮಾರುಕಟ್ಟೆಯನ್ನು ತೆಗೆಯಿರಿ, ಟೆಸ್ಟ್ ಕೆಂಪಾಗಬೇಕು. ಕ್ಲೀನಪ್‌ನ ಸಾಲು ಅಳಿಸಿ, ಮತ್ತೆ ಕೆಂಪಾಗಬೇಕು. ಆಗದಿದ್ದರೆ ಟೆಸ್ಟ್ ತಿದ್ದಿ. ಸ್ಟ್ರೈಕರ್‌ನಂಥ ಮ್ಯುಟೇಶನ್ ಟೆಸ್ಟಿಂಗ್ ಉಪಕರಣ ಇದನ್ನು ತಾನಾಗಿ ಮಾಡುತ್ತದೆ, ಆದರೆ ದೊಡ್ಡ ಕೋಡ್‌ಬೇಸ್‌ನಲ್ಲಿ ಸಮಯ ತಿನ್ನುತ್ತದೆ. ಕೈಯಾರೆ ಮಾಡಿದರೆ ನಿಮಿಷದ ಕೆಲಸ. ಈಎಸ್‌ಲಿಂಟ್‌ನ ಡಿಪೆಂಡೆನ್ಸಿ ನಿಯಮ ಹಾಕಿದ್ದೇವೆ, ಇದೆಲ್ಲ ಯಾಕೆ ಎನ್ನುವವರಿದ್ದಾರೆ. ಆ ನಿಯಮ ಮರೆತ ಡಿಪೆಂಡೆನ್ಸಿಯನ್ನು ಹಿಡಿಯುತ್ತದೆ. ಸ್ಟೇಟ್‌ಗೆ ನಕಲಾದ ಪ್ರಾಪನ್ನಾಗಲಿ ತಡವಾಗಿ ಬಂದ ಉತ್ತರವನ್ನಾಗಲಿ ಹಿಡಿಯುವುದಿಲ್ಲ.

ಹಳೆಯ ಕೋಡ್‌ಬೇಸ್‌ನಲ್ಲಿ ಎಲ್ಲಿಂದ ತೊಡಗಬೇಕೆಂದು ಗೊತ್ತಾಗದಿದ್ದರೆ, ಯೂಸ್‌ಸ್ಟೇಟ್‌ಗೆ ಪ್ರಾಪನ್ನು ಆರಂಭದ ಬೆಲೆಯಾಗಿ ಕೊಟ್ಟಿರುವ ಸಾಲುಗಳನ್ನು ಹುಡುಕಿ ತೆಗೆಯಿರಿ. ಕೆಲವು ಕಡೆ ಅದು ಬೇಕೆಂದೇ ಮಾಡಿದ್ದಾಗಿರುತ್ತದೆ, ಫಾರ್ಮ್‌ನ ಮೊದಲ ಬೆಲೆಯಂತೆ. ಅಲ್ಲಿ ‘ಪ್ರಾಪ್ ಬದಲಾದರೂ ಟೈಪ್ ಮಾಡಿದ್ದು ಉಳಿಯಬೇಕು’ ಎಂಬ ಟೆಸ್ಟ್ ಬರೆದಿಡಿ, ಮುಂದೆ ಬರುವವರು ಅದನ್ನು ದೋಷವೆಂದುಕೊಂಡು ‘ಸರಿಪಡಿಸದಂತೆ’. ಉಳಿದ ಕಡೆ ಮೊದಲು ಬೀಳುವ ರೀರೆಂಡರ್ ಟೆಸ್ಟ್ ಬರೆಯಿರಿ, ಆಮೇಲೆ ಆ ಸಾಲು ಅಳಿಸಿ ಪ್ರಾಪನ್ನೇ ನೇರವಾಗಿ ಬಳಸಿ. ಸರ್ವರ್‌ಗೆ ಹೋಗುವ ಎಫೆಕ್ಟ್‌ಗಳು ಅದರ ನಂತರದ ಸರದಿ, ಅವುಗಳಲ್ಲೂ ಹಣ, ಆರೋಗ್ಯ, ಟಿಕೆಟ್‌ಗಳನ್ನು ತೋರಿಸುವ ಪರದೆಗಳು ಮೊದಲು.